ಕೂದಲೆಳೆಯಷ್ಟು ಬಿರುಕು

ಪುನರ್ವಸು ಮಳೆ ಹಿಡಿದಿತ್ತು. ಸಂಜೆ ಹೋದ ಕರೆಂಟು ಬೆಳಗಾದರೂ ಬರಲಿಲ್ಲ. ಹೊಸನಗರದ ಕಡೆಯ ಕಾಡೂರಿಗೆ ಅದೇನು ಹೊಸತಲ್ಲ. ಆದರೆ ಆ ದಿನ ಗಾಳಿಯಿಲ್ಲ, ಗುಡುಗಿಲ್ಲ, ಬರೀ ಜಿಟಿಜಿಟಿ ಮಳೆ. ಲೈನ್‌ಮನ್ ಬಂದು, "ಅಣ್ಣಾ, ಲೈನ್ ನೋಡ್ಬೇಕು, ತೋಟದ ದಾರಿ ತೋರಿಸ್ತೀರಾ?" ಎಂದರು. ಕತ್ತಿ ಹಿಡಿದು ಜೊತೆಗೆ ಹೊರಟೆ.

ನಮ್ಮಲ್ಲಿ ಕರೆಂಟು ಹೋದಾಗಲೆಲ್ಲ ಜೋಗದ ಮಾತು ಬರುತ್ತದೆ. 1948ರಿಂದ ಅಲ್ಲಿ ವಿದ್ಯುತ್ತು ಹುಟ್ಟುತ್ತಿದೆ. ಲಿಂಗನಮಕ್ಕಿ ಜಲಾಶಯದ ನೀರಿನ ಶರಾವತಿ ವಿದ್ಯುದಾಗಾರದ ಸಾಮರ್ಥ್ಯವೇ 1,035 ಮೆಗಾವಾಟ್. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರು ಕತ್ತಲೆಯಲ್ಲಿ ಕೂತು ಅದನ್ನು ನೆನೆದರೆ ಆ ನೋವು ನಿಜವಾದದ್ದೇ. ಆದರೆ ಅಲ್ಲಿನ ವಿದ್ಯುತ್ತು ದೊಡ್ಡ ಟವರುಗಳ ಮೇಲೆ ದೂರಕ್ಕೆ ಹೋಗುತ್ತದೆ. ನಮ್ಮ ಮನೆಯ ದೀಪ ನಿಂತಿರುವುದು ಸಬ್‌ಸ್ಟೇಷನ್ನಿನಿಂದ ಅಕೇಶಿಯಾ ನೆಡುತೋಪು, ಸೊಪ್ಪಿನ ಬೆಟ್ಟ, ಅಡಿಕೆ ತೋಟಗಳ ನಡುವೆ ಬರುವ 11 ಕೆ.ವಿ. (11,000 ವೋಲ್ಟ್) ಹೊದಿಕೆಯಿಲ್ಲದ ತಂತಿಯ ಮೇಲೆ.

ದಾರಿಯುದ್ದಕ್ಕೂ ಅವರು ಕತ್ತೆತ್ತಿಯೇ ನಡೆದರು. ಕಾಲಿಗೆ ಹತ್ತಿದ ಇಂಬಳ ಕೀಳಲೂ ಬಗ್ಗಲಿಲ್ಲ. ಕಂಬ ವಾಲದಂತೆ ಎಳೆದು ಕಟ್ಟಿದ ಸ್ಟೇ ವೈರ್ ಹಿಡಿದು ಕಂಬದ ತುದಿಯತ್ತ ಹಬ್ಬುತ್ತಿದ್ದ ಬಳ್ಳಿ, ತಂತಿಯತ್ತ ವಾಲಿದ ಬಿದಿರು, ಗಾಳಿ ಬಂದರೆ ತಾಗುವಂತಿದ್ದ ಅಡಿಕೆ ಸೋಗೆ, ಎಲ್ಲವನ್ನೂ ತೋರಿಸಿದರು. ಬಾವಲಿಯೋ ಅಳಿಲೋ ಎರಡು ತಂತಿ ಒಟ್ಟಿಗೆ ಮುಟ್ಟಿದರೂ ಲೈನು ಟ್ರಿಪ್ಪಾಗುತ್ತದಂತೆ. ಆದರೆ ಆ ದಿನದ ಕಾರಣ ಅದ್ಯಾವುದೂ ಆಗಿರಲಿಲ್ಲ.

ಬಳಿಕ ಶುರುವಾಯಿತು ನಿಜವಾದ ಹುಡುಕಾಟ. ನಡುವಿನ ಸ್ವಿಚ್ ತೆಗೆದು ಮುಂದಿನ ಲೈನು ಬೇರ್ಪಡಿಸಿ, ಫೋನಿನಲ್ಲಿ ಸಬ್‌ಸ್ಟೇಷನ್ನಿಗೆ "ಈಗ ಚಾರ್ಜ್ ಮಾಡಿ", ಅಂದರೆ ಕರೆಂಟು ಬಿಡಿ, ಎಂದರು. ಲೈನು ಟ್ರಿಪ್ಪಾಗದೆ ಉಳಿಯಿತು. ಅಂದರೆ ಅಲ್ಲಿಯವರೆಗೆ ಸರಿಯಿದೆ, ದೋಷ ಮುಂದಿದೆ. ಮುಂದಿನ ಕವಲಿನಲ್ಲೂ ಹಾಗೆಯೇ ಮಾಡಿದರು. ಈ ಸಲ ಚಾರ್ಜ್ ಮಾಡಿದ ಕೂಡಲೇ ಟ್ರಿಪ್. ಇನ್ನು ಆ ತುಂಡಿನ ಕಂಬಗಳನ್ನು ಒಂದೊಂದಾಗಿ ನೋಡುವುದೇ ದಾರಿ. ಕರೆಂಟು ಕಡಿದಿದೆ, ಕೆಲಸ ಮಾಡಬಹುದು ಎಂಬ ಸಬ್‌ಸ್ಟೇಷನ್ನಿನ ಅನುಮತಿ, ಅಂದರೆ ಲೈನ್ ಕ್ಲಿಯರ್ ಪಡೆದು, ತಂತಿಗಳನ್ನು ನೆಲಕ್ಕೆ ಜೋಡಿಸುವ ಅರ್ತಿಂಗ್ ಹಾಕಿ ಹತ್ತಿದರು.

ಸಿಕ್ಕಿದ್ದು ಹಳ್ಳದ ದಂಡೆಯ ಕಂಬದಲ್ಲಿ. ತಂತಿ ಕಂಬಕ್ಕೆ ತಾಗದಂತೆ ಹಿಡಿದಿಡುವ ಪಿಂಗಾಣಿ ಇನ್ಸುಲೇಟರಿನಲ್ಲಿ ಕೂದಲೆಳೆಯಷ್ಟು ಬಿರುಕು! ಕೆಳಗಿನಿಂದ ನೋಡಿದರೆ ಕಾಣುವುದೇ ಇಲ್ಲ. ಬೇಸಿಗೆಯ ಸಿಡಿಲಿಗೆ ಬಿಟ್ಟಿರಬೇಕು ಎಂದರು. ಬಿಸಿಲಿರುವಾಗ ತೊಂದರೆ ಕೊಡದ ಬಿರುಕಿಗೆ ಮಳೆನೀರು ಇಳಿದರೆ, ಕರೆಂಟು ಅದರೊಳಗಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಸೋರುತ್ತದೆ. ಸಬ್‌ಸ್ಟೇಷನ್ನಿನ ರಿಲೇ ಎಂಬ ಕಾವಲು ಉಪಕರಣ ಅದನ್ನು ಗುರುತಿಸಿ ಇಡೀ ಫೀಡರನ್ನೇ, ಅಂದರೆ ಅಲ್ಲಿಂದ ಹೊರಡುವ ಆ ಪೂರ್ತಿ ಲೈನನ್ನೇ, ಕಡಿತಗೊಳಿಸುತ್ತದೆ. ಕಡಿಯಲೇಬೇಕು, ಇಲ್ಲದಿದ್ದರೆ ಆ ಒದ್ದೆ ಕಂಬ ಮುಟ್ಟಿದ ದನವೋ ಮನುಷ್ಯನೋ ಉಳಿಯುವುದು ಕಷ್ಟ.

ಇನ್ಸುಲೇಟರ್ ಬದಲಿಸಲು ಹಿಡಿದ ಹೊತ್ತು ಸ್ವಲ್ಪವೇ. ದಿನ ಹೋದದ್ದು ಹುಡುಕಲು, ಅದೂ ಒಬ್ಬರೇ. ಮಳೆಗಾಲದಲ್ಲಿ ಇಂಥ ಕಾಡು ಲೈನಿಗೆ ಕನಿಷ್ಠ ಇಬ್ಬರಾದರೂ ಬೇಕು. ಕೊಂಬೆ ಕಡಿಯುವ ಕೆಲಸ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಈ ಎರಡನ್ನೂ ಬರೆದು, ಕೇರಿಯವರ ಸಹಿ ಹಾಕಿಸಿ, ಸೆಕ್ಷನ್ ಆಫೀಸಿಗೆ ಕೊಟ್ಟು ಬಂದಿದ್ದೇನೆ.