ಅಜ್ಜಿ ಹುಟ್ಟಿದ್ದು ಎಲ್ಲಿ?

ತಂಗಿಯ ಮಗ ಡಬ್ಲಿನ್‌ನಿಂದ 2025ರ ಕ್ರಿಸ್‌ಮಸ್ ರಜೆಗೆ ಬಂದಿದ್ದ. 14 ವರ್ಷ. ಹುಟ್ಟಿದ್ದು ಅಲ್ಲೇ, ಕೈಯಲ್ಲಿರುವುದು ಐರಿಷ್ ಪಾಸ್‌ಪೋರ್ಟ್, ಕನ್ನಡ ಚೆನ್ನಾಗಿಯೇ ಮಾತಾಡುತ್ತಾನೆ, ಆದರೆ "ಳ" ಬಂದ ಕಡೆಯೆಲ್ಲ ನಾಲಿಗೆ ಜಾರುತ್ತದೆ. ಬಂದ ಮಾರನೇ ದಿನ ಬೆಳಗಿನ ಜಾವ ನಾಲ್ಕಕ್ಕೇ ಅವನಿಗೆ ಎಚ್ಚರ. ಹಾಲಿನವನು ಬರುವ ಮುಂಚೆಯೇ ನನ್ನನ್ನು ಅಲುಗಾಡಿಸಿ ಎಬ್ಬಿಸಿ ಕೇಳಿದ: "ಮಾಮ, ನಾನು ಇಂಡಿಯಾಗೆ ಆಡಬಹುದಾ?"

ಆಡುವುದು ಅಂದರೆ ಫುಟ್‌ಬಾಲ್. ಅಲ್ಲಿ ಯಾವುದೋ ಹುಡುಗರ ತಂಡದಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆ ಕಾಯುವ ಡಿಫೆಂಡರ್. ಎಷ್ಟು ಚೆನ್ನಾಗಿ ಆಡುತ್ತಾನೆ ಅಂತ ನನ್ನನ್ನು ಕೇಳಬೇಡಿ, ನಾನು ಅವನ ಮಾಮ, ನನ್ನ ಕಣ್ಣಿಗೆ ಅವನು ಬ್ರೆಜಿಲ್‌ನ ಮಾರ್ಸೆಲೊ.

ನಿದ್ದೆಗಣ್ಣಲ್ಲಿ "ಆಗಲ್ಲ ಕಣೋ, ಮಲಕೋ" ಅಂದೆ.

"ಯಾಕೆ? ಅಜ್ಜಿ ಆ ದೇಶದಲ್ಲಿ ಹುಟ್ಟಿದ್ದರೆ ಸಾಕು ಅಂತಾರಲ್ಲ ನಮ್ಮ ಸ್ಕೂಲಲ್ಲಿ?"

ಹುಡುಗ ಸರಿಯಾದ ಊರಿನಿಂದಲೇ ಬಂದಿದ್ದಾನೆ ನೋಡಿ. ಅಜ್ಜಿ ಹೆಸರು ಹೇಳಿಕೊಂಡು ತಂಡ ಕಟ್ಟಿ ಜಗತ್ತಿಗೆ ತೋರಿಸಿದ್ದೇ ಐರ್ಲೆಂಡ್. ಅಜ್ಜ ಅಜ್ಜಿಯಲ್ಲಿ ಒಬ್ಬರು ಆ ದ್ವೀಪದಲ್ಲಿ ಹುಟ್ಟಿದ್ದರೂ ಸಾಕು, ವಿದೇಶದಲ್ಲಿ ಹುಟ್ಟಿದವರಿಗಾಗಿಯೇ ಇರುವ ಒಂದು ರಿಜಿಸ್ಟರಿನಲ್ಲಿ ಹೆಸರು ಬರೆಸಿ ಅಲ್ಲಿನ ಪ್ರಜೆಯಾಗಬಹುದು. 1986ರಲ್ಲಿ ಜ್ಯಾಕ್ ಚಾರ್ಲ್‌ಟನ್ ಕೋಚ್ ಆಗಿ ಬಂದ. ಇಂಗ್ಲೆಂಡಿನವನು, 1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದವನು. ಅವನ ತಂಡದ ಹುಡುಗರನ್ನು ನೋಡಿ: ರೇ ಹೌಟನ್ ಹುಟ್ಟಿದ್ದು ಗ್ಲಾಸ್ಗೊ, ಜಾನ್ ಆಲ್ಡ್ರಿಜ್ ಲಿವರ್‌ಪೂಲ್, ಮಿಕ್ ಮೆಕಾರ್ತಿ ಬಾರ್ನ್‌ಸ್ಲಿ. 1988ರ ಯೂರೊ ಕಪ್‌ನಲ್ಲಿ, ಅಂದರೆ ಯುರೋಪಿನ ದೇಶಗಳ ಟೂರ್ನಿಯಲ್ಲಿ, ಇದೇ ತಂಡ ಸ್ಟುಟ್‌ಗಾರ್ಟ್‌ನಲ್ಲಿ ಇಂಗ್ಲೆಂಡನ್ನೇ 1-0ರಿಂದ ಸೋಲಿಸಿತು, ಗೋಲು ಹೊಡೆದವನು ಆ ಗ್ಲಾಸ್ಗೊದವನು. 1990ರಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್. ಅಲ್ಲಿನ ಫುಟ್‌ಬಾಲ್ ಸಂಸ್ಥೆಯನ್ನು ಎಫ್‌ಎಐ ಅಂತಾರೆ. ಜನ ಅದನ್ನು "ಫೈಂಡ್ ಅನದರ್ ಐರಿಷ್‌ಮನ್" ಅಂತ ಬಿಡಿಸಿ ಹೇಳಿ ನಗುತ್ತಿದ್ದರು. ಇನ್ನೊಬ್ಬ ಐರಿಷ್‌ನವನನ್ನು ಹುಡುಕ್ರಪ್ಪ ಅಂತ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಟೋನಿ ಕ್ಯಾಸ್ಕರಿನೊದು. ಇಂಗ್ಲೆಂಡಿನಲ್ಲಿ ಹುಟ್ಟಿದ, ಅಪ್ಪನ ಕಡೆ ಇಟಲಿ, ಅಮ್ಮನ ಅಪ್ಪ ಐರ್ಲೆಂಡಿನ ಮೇಯೊ ಕಡೆಯವರು. ಆ ಅಜ್ಜನ ಲೆಕ್ಕದಲ್ಲಿ ಐರ್ಲೆಂಡಿಗೆ 88 ಪಂದ್ಯ ಆಡಿದ. ನಡುವೆ 1996ರಲ್ಲಿ ಅವನ ಅಮ್ಮ ಕೂರಿಸಿಕೊಂಡು ಹೇಳಿದರು, "ನಾನು ಅವರ ದತ್ತು ಮಗಳು ಕಣಪ್ಪ" ಅಂತ. ಅಂದರೆ ಆ ಅಜ್ಜನ ರಕ್ತ ಇವನಲ್ಲಿ ಒಂದು ಹನಿಯೂ ಇಲ್ಲ! ಯಾರಿಗೂ ಹೇಳದೆ ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಆಡಿ, 2000ದಲ್ಲಿ ಆತ್ಮಕಥೆಯಲ್ಲಿ ಹೊರಗೆ ಹಾಕಿದ. ದೊಡ್ಡ ಗಲಾಟೆಯಾಯಿತು. ಕೊನೆಗೆ ದತ್ತು ಮಗಳೂ ಕಾನೂನಿಗೆ ಮಗಳೇ, ಅವನು ಆಡಿದ್ದು ಸರಿಯೇ ಅಂತಾಯಿತು. ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾದ ಈಗಿನ ನಿಯಮದಲ್ಲಿ "ಹೆತ್ತ" ತಾಯಿ, "ಹೆತ್ತ" ತಂದೆ ಅನ್ನುವ ಅರ್ಥದ ಮಾತನ್ನು ಒತ್ತಿಯೇ ಬರೆದಿದ್ದಾರೆ. ಪಾಪ, ಸಾಕಿದ ಅಪ್ಪ ಅಮ್ಮನಿಗೆ ಅಲ್ಲಿ ಜಾಗವಿಲ್ಲ.

ಇಷ್ಟೆಲ್ಲ ಹೇಳುವಷ್ಟರಲ್ಲಿ ನನಗೂ ನಿದ್ದೆ ಹೋಗಿತ್ತು. ಕಾಫಿ ಮಾಡಿದೆ. ಅವನು ಬೋರ್ನ್‌ವಿಟಾ ಬೇಡ, ಕಾಫಿಯೇ ಬೇಕು ಅಂದ, ಕೊಟ್ಟೆ, ಅವನಮ್ಮನಿಗೆ ಹೇಳಬೇಡಿ.

ಈಗ ಅವನ ಸರದಿ. ಅವರ ಮನೆ ಇರುವುದು ಟಾಲಾ ಕಡೆ, ಶ್ಯಾಮ್‌ರಾಕ್ ರೋವರ್ಸ್ ಕ್ಲಬ್ಬಿನ ಮೈದಾನ ಅಲ್ಲೇ. ಅಲ್ಲಿನ ಡಿಫೆಂಡರ್ ರೊಬರ್ಟೊ ಲೋಪೆಸ್, ಎಲ್ಲರ ಬಾಯಲ್ಲಿ "ಪಿಕೊ". ಡಬ್ಲಿನ್‌ನಲ್ಲೇ ಹುಟ್ಟಿ ಬೆಳೆದವನು, ಅಮ್ಮ ಐರಿಷ್, ಅಪ್ಪ ಆಫ್ರಿಕಾ ಹತ್ತಿರದ ದ್ವೀಪದೇಶ ಕೇಪ್ ವರ್ಡ್‌ನವರು. 2018ರಲ್ಲಿ ಕೇಪ್ ವರ್ಡ್ ತಂಡದ ಕೋಚ್ ಇವನಿಗೆ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಮೆಸೇಜ್ ಹಾಕಿದರಂತೆ. ಹೌದು, ಕೆಲಸ ಹುಡುಕುವ ಅದೇ ಲಿಂಕ್ಡ್‌ಇನ್. ಇವನು ಯಾರೋ ಸ್ಪ್ಯಾಮ್ ಕಳಿಸಿದ್ದಾರೆ ಅಂತ ಸುಮ್ನೆ ಬಿಟ್ಟ. ತಿಂಗಳುಗಳಾದ ಮೇಲೆ ಇನ್ನೊಂದು ಬಂತು, ಆಗ ಗೂಗಲ್‌ಗೆ ಹಾಕಿ ಅರ್ಥ ನೋಡಿದರೆ "ನಮ್ಮ ದೇಶಕ್ಕೆ ಆಡ್ತೀಯಾ?" ಅಂತ ಕೇಳಿದ್ದಾರೆ. 2025ರ ಅಕ್ಟೋಬರ್ 13ಕ್ಕೆ ಕೇಪ್ ವರ್ಡ್ ತಂಡ ಎಸ್ವಾಟಿನಿಯನ್ನು 3-0ರಿಂದ ಸೋಲಿಸಿ 2026ರ ವಿಶ್ವಕಪ್‌ಗೆ ಹೋಯಿತು. ದೇಶದ ಜನಸಂಖ್ಯೆ ಸುಮಾರು 5 ಲಕ್ಷ ಚಿಲ್ಲರೆ, ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತ ಕಮ್ಮಿ. ತಿಂಗಳ ಮೇಲೆ ಕೆರಿಬಿಯನ್ ದ್ವೀಪ ಕ್ಯುರಸಾವ್ ಕೂಡ ಹೋಯಿತು, ಅದರ ಜನಸಂಖ್ಯೆ ಹೆಚ್ಚು ಕಡಿಮೆ ನಮ್ಮ ಹಾಸನ ಪಟ್ಟಣದಷ್ಟು. ಆ ತಂಡದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ.

"ಮತ್ತೆ ನಾವು 140 ಕೋಟಿ" ಅಂದ. ಈ ಮಾತು ಯಾರಾದರೂ ಹೇಳೇ ಹೇಳುತ್ತಾರೆ ಅಂತ ಗೊತ್ತಿತ್ತು. ಮನೆಯೊಳಗಿಂದಲೇ ಬರುತ್ತದೆ ಅಂದುಕೊಂಡಿರಲಿಲ್ಲ.

ವಿಷಯ ಏನಪ್ಪಾ ಅಂದರೆ, ಇಲ್ಲಿರುವುದು ಎರಡು ಬೀಗ. ಜನ ಎರಡನ್ನೂ ಕಲಸಿ ಮಾತಾಡುತ್ತಾರೆ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ "ಫಿಫಾ ಬಿಡಲ್ಲ" ಅನ್ನುವವರೇ ಜಾಸ್ತಿ. ಫಿಫಾ ಬಿಡುತ್ತದೆ ಮಾರಾಯ್ರೆ. ಫಿಫಾ ಕೇಳುವುದು ಮೊದಲು ಆ ದೇಶದ ಪೌರತ್ವ. ಅದನ್ನು ಹೊಸದಾಗಿ ಪಡೆದವನಾದರೆ, ಅವನಾಗಲಿ ಅಪ್ಪ ಅಮ್ಮನಾಗಲಿ ಅಜ್ಜ ಅಜ್ಜಿಯಾಗಲಿ, ಯಾರಾದರೂ ಒಬ್ಬರು ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅವನು ಅಲ್ಲಿ 5 ವರ್ಷ ವಾಸ ಮಾಡಿರಬೇಕು. ಮುತ್ತಜ್ಜಿಯ ತನಕ ಹೋಗುವ ಹಾಗಿಲ್ಲ. ಹೀಗಾಗಿ ಅಜ್ಜಿ ತೆಗೆಯುವುದು ಎರಡನೇ ಬೀಗ ಮಾತ್ರ. ಐರ್ಲೆಂಡಿನಲ್ಲಿ ಮೊದಲನೆಯದನ್ನೂ ಅದೇ ಅಜ್ಜಿ ತೆಗೆದುಕೊಡುತ್ತಾಳೆ, ಅದಕ್ಕೇ ಅಲ್ಲಿ ಎಲ್ಲ ಸಲೀಸು ಅನಿಸುತ್ತದೆ. ನಮ್ಮಲ್ಲಿ ಅಜ್ಜಿ ಕೊಡಿಸುವುದು ಓಸಿಐ ಕಾರ್ಡ್.

ಓಸಿಐ ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ. ಹೆಸರಿನಲ್ಲಿ "ಸಿಟಿಜನ್" ಇದೆ, ಆದರೆ ಪೌರತ್ವ ಇಲ್ಲ. ವೀಸಾ ಇಲ್ಲದೆ ಬಂದುಹೋಗಬಹುದು. ಓಟು ಇಲ್ಲ, ಪಾಸ್‌ಪೋರ್ಟ್ ಇಲ್ಲ, ನೀಲಿ ಜೆರ್ಸಿಯೂ ಇಲ್ಲ. 1955ರ ಪೌರತ್ವ ಕಾಯ್ದೆ ಪ್ರಕಾರ ಬೇರೆ ದೇಶದ ಪೌರತ್ವ ತಾನಾಗಿ ತೆಗೆದುಕೊಂಡರೆ ನಮ್ಮದು ಹೋಯಿತು, ಎರಡೂ ಇಟ್ಟುಕೊಳ್ಳುವ ಹಾಗಿಲ್ಲ. ಬೇರೆ ಆಟಗಳಲ್ಲಿ ಸ್ವಲ್ಪ ಸಡಿಲ ಇತ್ತು. ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡೇ ಪ್ರಕಾಶ್ ಅಮೃತರಾಜ್ ನಮ್ಮ ಡೇವಿಸ್ ಕಪ್ ಟೆನಿಸ್ ತಂಡದಲ್ಲಿ ಆಡಿದ್ದರು. 2008ರಲ್ಲಿ ಸರ್ಕಾರ ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ದೇಶದ ಪರ ಆಡಬೇಕು ಅಂತ ಹೇಳಿದ ಮೇಲೆ ಅದೂ ನಿಂತಿತು.

ಪಕ್ಕದ ಮನೆ ನೋಡಿ ಈಗ. ಹಂಜಾ ಚೌಧರಿ, ಇಂಗ್ಲೆಂಡಿನಲ್ಲಿ ಹುಟ್ಟಿ ಲೆಸ್ಟರ್ ಸಿಟಿಯಲ್ಲಿ ಬೆಳೆದವನು, ಇಂಗ್ಲೆಂಡಿನ 21ರ ಒಳಗಿನ ತಂಡಕ್ಕೂ ಆಡಿದವನು. ಅಮ್ಮ ಬಾಂಗ್ಲಾದೇಶದವರು. ಬಾಂಗ್ಲಾ ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಬಿಡುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್ ಬೀರುವಿನಲ್ಲೇ ಇಟ್ಟು 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ಗೆ ಬಂದು ನಮ್ಮ ಮೇಲೇ ಮೊದಲ ಪಂದ್ಯ ಆಡಿದ, 0-0. ನವೆಂಬರ್ 18ಕ್ಕೆ ಢಾಕಾದಲ್ಲಿ 1-0, ನಾವು ಸೋತೆವು. ಬಾಂಗ್ಲಾ ನಮ್ಮನ್ನು ಸೋಲಿಸಿದ್ದು 22 ವರ್ಷಗಳ ಮೇಲೆ. ಆ ರಾತ್ರಿ ನಾನು ಊಟ ಮಾಡಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ಆದರೆ ರುಚಿಯಿರಲಿಲ್ಲ.

ಅದೇ ಢಾಕಾಗೆ ನಮ್ಮ ತಂಡದ ಜೊತೆ ಹೋಗಿ ಆಡದೆ ವಾಪಸ್ ಬಂದವನು ರಯಾನ್ ವಿಲಿಯಮ್ಸ್. ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ಕಂಠೀರವಕ್ಕೆ ಹೋಗುವವರಿಗೆ ಇವನನ್ನು ಪರಿಚಯ ಮಾಡಿಸಬೇಕಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದವನು. ಅಮ್ಮ ಮುಂಬೈನ ಆಂಗ್ಲೋ-ಇಂಡಿಯನ್ ಕುಟುಂಬದವರು, ಅಮ್ಮನ ಅಪ್ಪ ಲಿಂಕನ್ ಗ್ರೋಸ್ಟೇಟ್ 1950ರ ದಶಕದಲ್ಲಿ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯಲ್ಲಿ ಬಾಂಬೆ ತಂಡಕ್ಕೆ ಆಡಿದವರು. ಆಸ್ಟ್ರೇಲಿಯಾಗೂ 2019ರಲ್ಲಿ ಒಂದು ಪಂದ್ಯ ಆಡಿದ್ದಾನೆ, ದಕ್ಷಿಣ ಕೊರಿಯಾ ಮೇಲೆ. ಅದು ಯಾವ ಟೂರ್ನಿಗೂ ಸೇರದ ಫ್ರೆಂಡ್ಲಿ ಪಂದ್ಯವಾದ್ದರಿಂದ ಆಸ್ಟ್ರೇಲಿಯಾಗೇ ಕಟ್ಟುಬೀಳಲಿಲ್ಲ. 2023ರಿಂದ ಬೆಂಗಳೂರಿನಲ್ಲಿದ್ದು, ಆಸ್ಟ್ರೇಲಿಯಾದ ಪೌರತ್ವ ಬಿಟ್ಟುಕೊಟ್ಟು, 2025ರಲ್ಲಿ ನಮ್ಮ ಪಾಸ್‌ಪೋರ್ಟ್ ತೆಗೆದುಕೊಂಡ. ಕೈಗೆ ಕೊಟ್ಟವನು ಸುನಿಲ್ ಛೆಟ್ರಿ. ಢಾಕಾ ಪಂದ್ಯದ ಹೊತ್ತಿಗೆ ದೇಶ ಬದಲಿಸುವ ಕಾಗದಪತ್ರ ಮುಗಿದಿರಲಿಲ್ಲ ಅಷ್ಟೇ.

ಅವನಿಗಿಂತ ಮುಂಚೆ ಹೀಗೆ ಬಂದವನು ಅರಾಟಾ ಇಜುಮಿ, ಜಪಾನಿನಲ್ಲಿ ಹುಟ್ಟಿದವನು, ಅಪ್ಪ ಭಾರತೀಯ. ಜಪಾನಿನ ಪಾಸ್‌ಪೋರ್ಟ್ ಬಿಟ್ಟು 2013ರಲ್ಲಿ ಭಾರತಕ್ಕೆ ಆಡಿದ. ಜಪಾನಿನ ಪಾಸ್‌ಪೋರ್ಟ್! ನಮ್ಮ ಆಫೀಸಿನಲ್ಲಿ ವೀಸಾಗೆ ಅಲೆಯುವವರಿಗೆ ಇದನ್ನು ಹೇಳಿದರೆ ಯಾರೂ ನಂಬಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್ಬಿಗೆ ಆಡುತ್ತಿದ್ದ ಮೈಕೆಲ್ ಚೋಪ್ರಾ ಕೂಡ ಭಾರತಕ್ಕೆ ಆಡುವ ಆಸೆ ಹೇಳಿಕೊಂಡಿದ್ದ, ಆಗಲಿಲ್ಲ.

ಎರಡು ಪೌರತ್ವ ಕೊಡಬೇಕಾ ಬೇಡವಾ ಅಂತ ಜಗಳ ಮಾಡುವವರು ಮಾಡಲಿ. ಬರೀ ಫುಟ್‌ಬಾಲ್‌ಗೋಸ್ಕರ ಯಾವ ಸರ್ಕಾರವೂ ಕಾಯ್ದೆ ಬದಲಿಸಲ್ಲ, ಬದಲಿಸಲೂ ಬಾರದು. ಬರುವವರು ರಯಾನ್ ಹಾಗೆ ಇಲ್ಲಿದ್ದು, ಇಲ್ಲಿನ ಲೀಗ್ ಆಡಿ, ಬೆಲೆ ಕೊಟ್ಟು ಬರಲಿ, ನಾನು ಎದ್ದುನಿಂತು ಚಪ್ಪಾಳೆ ತಟ್ಟುತ್ತೇನೆ. ಆದರೆ ಅವರಿಗಾಗಿ ಬಾಗಿಲಲ್ಲಿ ಕಾಯುತ್ತಾ ಕೂತರೆ ಹೇಗೆ? 2025ರ ಕೊನೆಗೆ ಇಲ್ಲಿನ ಲೀಗ್ ನಡೆಯುವುದೇ ಅನುಮಾನವಾಗಿ ಕೂತಿತ್ತು. ಇಲ್ಲಿ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಬೀದಿಯಿದೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ನಮ್ಮ ಒಂದೇ ಒಂದು ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಅಂಥ ಊರು ಇದು.

ಅಲ್ಲಿಗೆ ಬೆಳಕು ಹರಿದಿತ್ತು. ಅಳಿಯನಿಗೆ ಲೆಕ್ಕ ಹೇಳಿದೆ: ಒಂದು ದಾರಿ ಅಂದರೆ 18 ತುಂಬಬೇಕು, ಓಸಿಐ ಕಾರ್ಡ್ ಬಂದು 5 ವರ್ಷ ಆಗಿರಬೇಕು, ಅರ್ಜಿ ಹಾಕುವ ಮುಂಚೆ 12 ತಿಂಗಳು ಇಲ್ಲೇ ಇರಬೇಕು, ಆಮೇಲೆ ಐರಿಷ್ ಪಾಸ್‌ಪೋರ್ಟ್ ವಾಪಸ್. ಅಷ್ಟೊತ್ತಿಗೆ ಎದ್ದು ಬಂದಿದ್ದ ತಂಗಿಗೆ ಕೊನೆಯ ಮಾತು ಮಾತ್ರ ಕೇಳಿಸಿತು. "ಏನಣ್ಣ, ಏನ್ ಹೇಳಿಕೊಡ್ತಿದ್ದೀಯ ಅವನಿಗೆ?" ಆ ಪಾಸ್‌ಪೋರ್ಟ್‌ಗೆ ಅವಳು ಎಷ್ಟು ವರ್ಷ ಯಾವ ಯಾವ ಕ್ಯೂನಲ್ಲಿ ನಿಂತಿದ್ದಳೋ, ಮುಖದಲ್ಲೇ ಗೊತ್ತಾಯಿತು.

ಹುಡುಗ ಮಾತು ಬದಲಿಸಿದ. ಜಾಣ. "ಅಜ್ಜಿ ಬರ್ತ್ ಸರ್ಟಿಫಿಕೇಟ್ ಇದೆಯಾ? ಮಲೇಷ್ಯಾದಲ್ಲಿ ಅದೇ ತಾನೇ ಪ್ರಾಬ್ಲಂ ಆಗಿದ್ದು?"

ಅದೊಂದು ಕಥೆ ನಿಮಗೂ ಗೊತ್ತಿರಬೇಕು. 2025ರ ಜೂನ್‌ನಲ್ಲಿ ಮಲೇಷ್ಯಾ ತಂಡ ವಿಯೆಟ್ನಾಂ ಅನ್ನು 4-0ರಿಂದ ಬಡಿಯಿತು. ತಂಡದಲ್ಲಿ ಅರ್ಜೆಂಟೀನಾ, ಬ್ರೆಜಿಲ್, ಸ್ಪೇನ್, ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವರು. ಎಲ್ಲರ ಅಜ್ಜನೋ ಅಜ್ಜಿಯೋ ಮಲೇಷ್ಯಾದ ಪೆನಾಂಗ್, ಮಲಕ್ಕಾ, ಜೊಹೋರ್, ಸರವಾಕ್‌ನಲ್ಲಿ ಹುಟ್ಟಿದ್ದಾಗಿ ಕಾಗದ. ಫಿಫಾದವರು ಮೂಲ ದಾಖಲೆ ತರಿಸಿ ನೋಡಿದರೆ, ಪೆನಾಂಗ್ ಅಂತಿದ್ದ ಕಡೆ ಬ್ಯೂನಸ್ ಐರಿಸ್, ಮಲಕ್ಕಾ ಅಂತಿದ್ದ ಕಡೆ ಹೇಗ್. ಸತ್ತ ಅಜ್ಜ ಅಜ್ಜಿಯರನ್ನು ಸಮುದ್ರ ದಾಟಿಸಿಬಿಟ್ಟಿದ್ದರು! ಏಳು ಆಟಗಾರರಿಗೆ 12 ತಿಂಗಳು ನಿಷೇಧ, ಅಲ್ಲಿನ ಸಂಸ್ಥೆಗೆ ಮೂರೂವರೆ ಲಕ್ಷ ಸ್ವಿಸ್ ಫ್ರಾಂಕ್ ದಂಡ. ನವೆಂಬರ್‌ನಲ್ಲಿ ಫಿಫಾ ಮೇಲ್ಮನವಿಯನ್ನೂ ತಳ್ಳಿಹಾಕಿತು.

ಅಮ್ಮ ದೇವರ ಮನೆಯಿಂದ ಹೊರಗೆ ಬಂದರು. ಟ್ರಂಕ್ ತೆಗೆದೆವು. ಬರ್ತ್ ಸರ್ಟಿಫಿಕೇಟ್ ಅನ್ನುವುದು ಇಲ್ಲವೇ ಇಲ್ಲ. ಶಾಲೆಯ ದಾಖಲೆಯಲ್ಲಿ 1949ರ ಜೂನ್ 1 ಅಂತಿದೆ, ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ, ಆ ಕ್ಲಾಸಿನ ಅರ್ಧ ಮಕ್ಕಳು ಜೂನ್ 1ಕ್ಕೇ ಹುಟ್ಟಿದವರು. ಮನೆಯವರ ಲೆಕ್ಕದಲ್ಲಿ ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲ. ಅಂದರೆ 1947, ಇನ್ನೂ ಮಹಾರಾಜರ ಮೈಸೂರು. ಆ ಮೈಸೂರಿಗೂ ಒಂದು ತಂಡವಿತ್ತು, 1946-47ರ ಸಂತೋಷ್ ಟ್ರೋಫಿ ಗೆದ್ದದ್ದು ಅದೇ. ಹುಟ್ಟಿದ ಊರಿನ ಜಾಗದಲ್ಲಿ ಒಂದು ಕಾಗದದಲ್ಲಿ ಅಪ್ಪನ ಊರು, ಇನ್ನೊಂದರಲ್ಲಿ ತವರಿನ ಊರು.

"ಎರಡೂ ಅಲ್ಲ" ಅಂದರು ಅಮ್ಮ, ಕನ್ನಡಕ ಹಾಕಿಕೊಳ್ಳುತ್ತಾ. "ನಮ್ಮಮ್ಮ ತವರಿಗೆ ಹೆರಿಗೆಗೆ ಅಂತ ಗಾಡಿ ಹತ್ತಿದ್ದಳು. ಹೊಳೆ ಹತ್ತಿರ ಗಾಡಿಯಲ್ಲೇ ಆಯಿತು. ಈಚೆ ಒಂದು ತಾಲ್ಲೂಕು, ಆಚೆ ಇನ್ನೊಂದು."

ಹುಡುಗ ಫೋನ್ ತೆಗೆದು ಮ್ಯಾಪ್ ಬಿಚ್ಚಿದ. ಪೂರ್ತಿ ಗಂಭೀರ. "ಅಜ್ಜಿ, ಸರಿಯಾಗಿ ಹೇಳಿ, ಆವಾಗ ಗಾಡಿ ಹೊಳೆ ದಾಟಿತ್ತಾ ಇಲ್ವಾ?"

"ಅದನ್ನ ಎತ್ತಿಗೇ ಕೇಳಬೇಕು ಕಣೋ ಪುಟ್ಟ."