ಕಾರ್ಡಿನ ಮೇಲಿನ ದಿನಾಂಕ

ಅಮೆರಿಕದಲ್ಲಿ ಯಾರನ್ನೇ ಕೆಲಸಕ್ಕೆ ಸೇರಿಸಿಕೊಂಡರೂ ಐ-9 ಎಂಬ ನಮೂನೆಯನ್ನು ತುಂಬಿಸಿ, ಗುರುತು ಮತ್ತು ಕೆಲಸ ಮಾಡುವ ಅನುಮತಿಯ ದಾಖಲೆಗಳನ್ನು ಪರಿಶೀಲಿಸಬೇಕೆಂಬುದು 1986ರ ಕಾನೂನಿನಿಂದ ಬಂದ ಕಟ್ಟಳೆ. ತೊಡಕಿರುವುದು ತಾತ್ಕಾಲಿಕ ಕೆಲಸದ ಪರವಾನಗಿ ಪಡೆದವರ ವಿಷಯದಲ್ಲಿ. ಅವರ ಪರವಾನಗಿ ಕಾರ್ಡಿನ ಅವಧಿ ಮುಗಿಯುವುದರೊಳಗೆ ಮಾಲೀಕರು ಮರುಪರಿಶೀಲನೆ ನಡೆಸಬೇಕು. ಅವಧಿಯೊಳಗೆ ನವೀಕರಣಕ್ಕೆ ಅರ್ಜಿ ಹಾಕಿದ ಹಲವು ವರ್ಗದವರಿಗೆ, ಹಳೆಯ ಕಾರ್ಡಿನ ಜೊತೆಗೆ ಅರ್ಜಿಯ ಸ್ವೀಕೃತಿ ಪತ್ರವನ್ನು ತೋರಿಸಿದರೆ, ಮೊದಲು 180 ದಿನ, ಆಮೇಲೆ 540 ದಿನಗಳವರೆಗೆ ಅನುಮತಿ ತಾನಾಗಿಯೇ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆ ಸೌಲಭ್ಯವಿಲ್ಲ. ಹೀಗಾಗಿ ಒಂದೇ ಬಗೆಯ ಕಾರ್ಡುಳ್ಳ ಇಬ್ಬರಲ್ಲಿ, ಕೇವಲ ಅರ್ಜಿ ಸಲ್ಲಿಸಿದ ದಿನದ ಕಾರಣಕ್ಕೆ, ಒಬ್ಬರು ಕೆಲಸದಲ್ಲಿ ಉಳಿದು ಇನ್ನೊಬ್ಬರು ಸಂಬಳವಿಲ್ಲದೆ ಮನೆಯಲ್ಲಿ ಕೂರಬೇಕಾದೀತು.

ಎಚ್-1ಬಿ ಎಂಬ ಪರಿಣತರ ಉದ್ಯೋಗ ವೀಸಾದಲ್ಲಿರುವವರ ಸಂಗಾತಿಗಳಲ್ಲಿ ಕೆಲವರಿಗೆ 2015ರಿಂದ ದೊರೆತಿರುವ ಎಚ್-4 (ಅವಲಂಬಿತರ ವೀಸಾ) ಕೆಲಸದ ಪರವಾನಗಿಗೂ ಇದು ಅನ್ವಯಿಸುವುದರಿಂದ, ಅಮೆರಿಕದಲ್ಲಿನ ಕನ್ನಡದ ಮನೆಗಳಿಗೂ ಬಿಸಿ ತಟ್ಟಿದೆ. ಗೊಂದಲಕ್ಕೆ ಹೆದರಿ ವಲಸಿಗರಿಂದ ಹೆಚ್ಚುವರಿ ದಾಖಲೆ ಕೇಳುವ ಮಾಲೀಕರು ಇನ್ನೊಂದು ತಪ್ಪಿಗೆ ಸಿಲುಕುತ್ತಾರೆ: ಒಪ್ಪಿತ ಪಟ್ಟಿಯಲ್ಲಿ ಯಾವುದನ್ನು ತೋರಿಸಬೇಕೆಂಬ ಆಯ್ಕೆ ನೌಕರರದ್ದೇ. ನವೀಕರಣದ ಅರ್ಜಿಯನ್ನು ಕಾರ್ಡಿನ ಅವಧಿ ಮುಗಿಯುವ 180 ದಿನ ಮೊದಲೇ ಹಾಕಬಹುದು. ನನ್ನ ಮಟ್ಟಿಗೆ, ಅದನ್ನು ನೌಕರರಿಗೆ ನೆನಪಿಸುವುದೂ ಮಾಲೀಕರ ಕೆಲಸವೇ.