‘ಅರ್ಥ ಆಯ್ತು ಸಾರ್’ ಅಂದ ಮೇಲೆ

ಆನ್‌ಲೈನ್‌ನಲ್ಲಿ ಬಿ.ಕಾಂ. ಮಕ್ಕಳಿಗೆ ಅಕೌಂಟ್ಸ್ ಹೇಳಿಕೊಡುವವರಿಗೆಲ್ಲ ಇದು ಗೊತ್ತು: ಪೀರಿಯಡ್ ಮುಗಿಯುವ ಹೊತ್ತಿಗೆ ಚಾಟ್‌ನಲ್ಲಿ ಸಾಲುಸಾಲಾಗಿ ‘ಅರ್ಥ ಆಯ್ತು ಸಾರ್’ ಬಂದು ಬೀಳುತ್ತದೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ಮೇಷ್ಟ್ರು ಲೆಕ್ಕ ಬಿಡಿಸುವಾಗ ಪ್ರತಿ ಹೆಜ್ಜೆಯೂ ಸರಿ ಅನ್ನಿಸಿರುತ್ತದೆ. ಅದೇ ಲೆಕ್ಕವನ್ನು ವಾರ ಬಿಟ್ಟು ಖಾಲಿ ಹಾಳೆಯ ಮೇಲೆ ಮಾಡಿ ಅಂದರೆ ಮೊದಲ ಎಂಟ್ರಿಗೇ ಪೆನ್ನು ನಿಲ್ಲುತ್ತದೆ. ನೋಡಿ ಅರ್ಥವಾದದ್ದನ್ನು ತನಗೆ ಬಂತು ಅಂದುಕೊಳ್ಳುವುದು ತರಗತಿಯಲ್ಲೂ ಉಂಟು. ಪರದೆಯ ಮುಂದೆ ಅದನ್ನು ಹಿಡಿಯುವವರು ಯಾರೂ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಲೆಕ್ಕ ತೆಗೆದುಕೊಳ್ಳಿ. ಮದ್ದೂರಿನ ಕಡೆಯ ಆಲೆಮನೆಯೊಂದಕ್ಕೆ ಅಕ್ಟೋಬರ್ 1ರಂದು 1,00,000 ರೂಪಾಯಿಗೆ ಕಬ್ಬು ಅರೆಯುವ ಯಂತ್ರ ಬಂತು. ಸವಕಳಿ (ಬಳಸುತ್ತ ಹೋದಂತೆ ಯಂತ್ರದ ಬೆಲೆ ಇಳಿಯುವುದು) ವರ್ಷಕ್ಕೆ ಶೇ. 20, ಡಬ್ಲ್ಯೂ.ಡಿ.ವಿ. ಪದ್ಧತಿ (ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಲೆಕ್ಕ), ಲೆಕ್ಕ ಮುಗಿಸುವುದು ಮಾರ್ಚ್ 31ಕ್ಕೆ. ಮೊದಲ ವರ್ಷ ಆರೇ ತಿಂಗಳು, ಆದ್ದರಿಂದ 10,000. ಉಳಿದದ್ದು 90,000. ಎರಡನೆಯ ವರ್ಷ ಅದರ ಶೇ. 20, ಅಂದರೆ 18,000. ವಿಡಿಯೊ ನೋಡಿದ ಎಲ್ಲರಿಗೂ ಇದು ಬಾಳೆಹಣ್ಣು ಸುಲಿದಷ್ಟು ಸುಲಭ. ಆದರೆ ಎರಡನೆಯ ವರ್ಷದ ಸವಕಳಿ ಎಷ್ಟು ಎಂದು ಅವರನ್ನೇ ಕೇಳಿದರೆ ಮೂರು ಬಗೆಯ ತಪ್ಪು ಬರುತ್ತದೆ. 20,000 ಅಂದವನು ಕೊಂಡ ಬೆಲೆಯ ಮೇಲೇ ಮತ್ತೆ ಲೆಕ್ಕ ಹಾಕಿದ್ದಾನೆ. ಕೊಂಡ ಬೆಲೆಯ ಮೇಲೆ ಹಾಕುವ ಪದ್ಧತಿ, ಉಳಿದ ಬೆಲೆಯ ಮೇಲೆ ಹಾಕುವ ಪದ್ಧತಿ ಎರಡೂ ಅವನ ತಲೆಯಲ್ಲಿ ಕಲಸಿಹೋಗಿವೆ. 16,000 ಅಂದವಳಿಗೆ ಪದ್ಧತಿ ಗೊತ್ತು, ತಾರೀಕು ಓದಿಲ್ಲ, ಮೊದಲ ವರ್ಷಕ್ಕೂ ಪೂರ್ತಿ 20,000 ಕಳೆದಿದ್ದಾಳೆ. 9,000 ಅಂದವರು ಆರು ತಿಂಗಳನ್ನು ಎರಡನೆಯ ವರ್ಷಕ್ಕೂ ಎಳೆದುಕೊಂಡು ಬಂದಿದ್ದಾರೆ. ಮೂರಕ್ಕೂ ಮದ್ದು ಬೇರೆ ಬೇರೆ. ತರಗತಿಯಲ್ಲಾದರೆ ಬೆಂಚುಗಳ ನಡುವೆ ಒಂದು ಸುತ್ತು ಹಾಕಿದರೆ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಆನ್‌ಲೈನ್‌ನಲ್ಲಿ ಕೇಳಿಯೇ ತಿಳಿಯಬೇಕು.

ಕೇಳುವುದಕ್ಕೂ ಒಂದು ಕ್ರಮವಿದೆ. ‘ಉತ್ತರ ಚಾಟ್‌ಗೆ ಹಾಕಿ’ ಅಂದರೆ ಮೊದಲು ಬಂದ ಉತ್ತರವನ್ನೇ ಉಳಿದ ನಲವತ್ತು ಜನ ಒತ್ತುತ್ತಾರೆ. ‘ಟೈಪ್ ಮಾಡಿ ಇಟ್ಟುಕೊಳ್ಳಿ, ಕಳಿಸಬೇಡಿ’ ಎಂದು ಹೇಳಿ, ಎರಡು ನಿಮಿಷ ಸುಮ್ಮನಿದ್ದು, ಮೂರರವರೆಗೆ ಎಣಿಸಿ ಎಲ್ಲರೂ ಒಟ್ಟಿಗೆ ಕಳಿಸುವಂತೆ ಮಾಡಬೇಕು. ಆ ಎರಡು ನಿಮಿಷದ ಮೌನ ಹೊಸಬರಿಗೆ ತಡೆಯುವುದಿಲ್ಲ, ಬಾಯಿಬಿಟ್ಟು ಸುಳಿವು ಕೊಟ್ಟುಬಿಡುತ್ತಾರೆ. ತಡೆದುಕೊಳ್ಳಿ. ಪ್ರಶ್ನೆ ಒಂದೇ ಸಂಖ್ಯೆಯಲ್ಲಿ ಉತ್ತರ ಬರುವಂಥದ್ದಾಗಿರಲಿ. ‘ಸವಕಳಿ ಎಂದರೇನು’ ಅಂದರೆ ಗೂಗಲ್ ಉತ್ತರ ಬರುತ್ತದೆ.

ಇದು ಬರೀ ಮೇಷ್ಟ್ರುಗಳ ಹಟವಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಎರಡು ಸಲ ಓದಿತು, ಇನ್ನೊಂದು ಗುಂಪು ಒಂದು ಸಲ ಓದಿ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ನೋಡಿದರೆ ಎರಡು ಸಲ ಓದಿದವರೇ ಮುಂದು. ವಾರ ಕಳೆದ ಮೇಲೆ ಓದಿದವರಿಗೆ ಶೇ. 42ರಷ್ಟು ನೆನಪಿತ್ತು, ಬರೆದವರಿಗೆ ಶೇ. 56ರಷ್ಟು. ಆನ್‌ಲೈನ್ ಉಪನ್ಯಾಸದ ಮೇಲೆಯೇ 2013ರಲ್ಲಿ ಹಾರ್ವರ್ಡ್‌ನಿಂದ ಬಂದ ಅಧ್ಯಯನವೂ ಇದೆ: ಇಪ್ಪತ್ತು ನಿಮಿಷದ ಆಸುಪಾಸಿನ ವಿಡಿಯೊ ಪಾಠವನ್ನು ತುಂಡು ಮಾಡಿ ನಡುನಡುವೆ ಪುಟ್ಟ ಪರೀಕ್ಷೆ ಇಟ್ಟಾಗ ಮನಸ್ಸು ಬೇರೆಡೆ ಹರಿಯುವುದು ಅರ್ಧಕ್ಕೆ ಇಳಿಯಿತು, ನೋಟ್ಸ್ ಬರೆಯುವುದು ಹೆಚ್ಚಾಯಿತು.

ಹಾಗಾಗಿ 50 ನಿಮಿಷದ ಪೀರಿಯಡ್ಡನ್ನು ಒಂದೇ ಉಸಿರಿನಲ್ಲಿ ಎಳೆಯಬಾರದು. ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ ಹಿಂದಿನ ಪಾಠದ ಒಂದು ಪ್ರಶ್ನೆ. ಆಮೇಲೆ ಹತ್ತು ನಿಮಿಷ ಹೊಸ ಪಾಠ, ನಾಲ್ಕು ನಿಮಿಷ ಅವರ ಲೆಕ್ಕ, ಬಂದ ತಪ್ಪುಗಳ ಮೇಲೆ ಮಾತು. ಇದನ್ನೇ ಇನ್ನೊಮ್ಮೆ. ಕೊನೆಯ ಎಂಟು–ಹತ್ತು ನಿಮಿಷ ಪೂರ್ತಿ ಲೆಕ್ಕವೊಂದನ್ನು ಹಾಳೆಯ ಮೇಲೆ ಮಾಡಿ ಫೋಟೊ ಕಳಿಸುವುದಕ್ಕೆ. ಪಾಠ ಓಡುವುದು ಕಡಿಮೆ, ಸಿಲಬಸ್ ಹಿಂದೆ ಬೀಳುತ್ತದೆ. ಅದಕ್ಕೇ ವ್ಯಾಖ್ಯೆ, ವಿಧಗಳು, ಗುಣದೋಷ ಇಂಥವನ್ನೆಲ್ಲ ರೆಕಾರ್ಡಿಂಗ್‌ಗೆ ತಳ್ಳಿ, ನೇರ ಕ್ಲಾಸನ್ನು ಲೆಕ್ಕಕ್ಕೆ ಉಳಿಸಿಕೊಳ್ಳಬೇಕು.

ರೆಕಾರ್ಡಿಂಗ್ ಎಂಟು–ಒಂಬತ್ತು ನಿಮಿಷ ದಾಟದಿರಲಿ. ಫೈಲಿಗೆ ‘ಕ್ಲಾಸ್ 14’ ಎಂದು ಹೆಸರಿಟ್ಟರೆ ಯಾರೂ ಮತ್ತೆ ತೆರೆಯುವುದಿಲ್ಲ. ‘ಸವಕಳಿ 3: ವರ್ಷದ ನಡುವೆ ಕೊಂಡ ಯಂತ್ರ’ ಎಂದಿದ್ದರೆ ಇಂಟರ್ನಲ್ಸ್ ಹಿಂದಿನ ದಿನ ಹುಡುಕಿಕೊಂಡು ಬರುತ್ತಾರೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತಾರೆ ಎಂದು ಬೈಯಬೇಕಾಗಿಲ್ಲ, ಅದರಿಂದ ಅಂಥ ನಷ್ಟವೇನೂ ಇಲ್ಲ. ನಷ್ಟವಾಗುವುದು ‘ಆಮೇಲೆ ನೋಡಿದರಾಯ್ತು’ ಎಂದು ಗುಡ್ಡೆ ಹಾಕಿಕೊಳ್ಳುವುದರಿಂದ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ವೇದಿಕೆ ‘ಸ್ವಯಂ’ನ ಕೋರ್ಸ್‌ಗಳಲ್ಲೂ ಇದೇ ಪಾಡು. ವಿಡಿಯೊ, ಓದುವ ಪಾಠ, ಸ್ವಪರೀಕ್ಷೆ, ಚರ್ಚೆ ಎಂದು ಅಲ್ಲಿ ನಾಲ್ಕು ಭಾಗ ಇಟ್ಟಿದ್ದಾರೆ. ಬಹಳಷ್ಟು ಜನ ಮೊದಲನೆಯದನ್ನು ಮಾತ್ರ ಮುಟ್ಟುತ್ತಾರೆ. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸ್‌ಗಳನ್ನು ಸ್ವಯಂ ಮೂಲಕ ತೆಗೆದುಕೊಳ್ಳಲು ವಿಶ್ವವಿದ್ಯಾನಿಲಯ ಬಿಡಬಹುದಾದ್ದರಿಂದ ಇದು ಸಣ್ಣ ವಿಷಯವಲ್ಲ.

ಇನ್ನು ನೆಟ್‌ವರ್ಕ್. ಮೈಸೂರಿನ ಸರಸ್ವತಿಪುರಂನಲ್ಲಿ ವೈಫೈ ಇಟ್ಟುಕೊಂಡವರ ಅಳತೆಯಲ್ಲಿ ನಾಗಮಂಗಲ, ಮಳವಳ್ಳಿ ಕಡೆಯ ಹಳ್ಳಿಯ ಹುಡುಗರನ್ನು ಅಳೆಯಬಾರದು. 64 ಕೆಬಿಪಿಎಸ್ ಆಡಿಯೊ ಮಾತ್ರವಾದರೆ 50 ನಿಮಿಷಕ್ಕೆ 24 ಎಂಬಿ ಸಾಕು. 500 ಕೆಬಿಪಿಎಸ್ ವಿಡಿಯೊ ಆದರೆ 190 ಎಂಬಿ ಹತ್ತಿರ ಹೋಗುತ್ತದೆ. ದಿನಕ್ಕೆ ನಾಲ್ಕು ಪೀರಿಯಡ್ ಅಂದರೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಅರ್ಧ ಖಾಲಿ. ಮೊದಲೇ ಪಿಡಿಎಫ್ ಕಳಿಸಿ, ಧ್ವನಿಯಲ್ಲಿ ‘ಎರಡನೇ ಪುಟ, ಡೆಬಿಟ್ ಕಡೆ, ಮೂರನೇ ಸಾಲು’ ಎಂದು ಹೇಳುತ್ತ ಹೋದರೆ ಪಾಠ ಚೆನ್ನಾಗಿಯೇ ನಡೆಯುತ್ತದೆ. ಚಿತ್ರ ಮಸುಕಾದರೆ ಮಕ್ಕಳು ಸಹಿಸಿಕೊಳ್ಳುತ್ತಾರೆ, ಮಾತು ಕಡಿದರೆ ಎದ್ದು ಹೋಗುತ್ತಾರೆ. ಅದಕ್ಕೆ ಮೈಕು ಬಾಯಿಂದ ಗೇಣು ದೂರದೊಳಗಿರಲಿ, ಫ್ಯಾನ್ ಆರಿಸಿ. ಲೆಡ್ಜರ್ ಖಾತೆಯ ಎರಡೂ ಬದಿ ಒಟ್ಟಿಗೆ ತೋರಿಸಿದರೆ ಮೊಬೈಲಿನಲ್ಲಿ ಅಂಕಿ ಇರುವೆಯಂತಾಗುತ್ತವೆ. ಒಂದು ಸಲಕ್ಕೆ ಒಂದು ಬದಿ ಸಾಕು.

ಹಾಜರಾತಿಯನ್ನು ಲಾಗಿನ್ ನೋಡಿ ಹಾಕುವುದು ಬೇಡ. ಫೋನ್ ಕ್ಲಾಸಿನಲ್ಲಿರುತ್ತದೆ, ಹುಡುಗ ಗದ್ದೆಯಲ್ಲಿರುತ್ತಾನೆ. ಕ್ಯಾಮೆರಾ ಆನ್ ಮಾಡಿ ಎಂದು ಒತ್ತಾಯಿಸುವುದೂ ತರವಲ್ಲ, ಒಂದೇ ಕೋಣೆಯ ಮನೆಗಳಿವೆ. ಕಳಿಸಿದ ಹಾಳೆಯೇ ಹಾಜರಾತಿ ಆಗಲಿ. ಅರವತ್ತು ಫೋಟೊ ತಿದ್ದಲು ಆಗುವುದಿಲ್ಲ. ದಿನಕ್ಕೆ ಎಂಟು–ಹತ್ತನ್ನು ಹೇಳದೆ ಕೇಳದೆ ಆರಿಸಿ ತಿದ್ದಿ, ಹೆಸರು ಹಿಡಿದು ಮಾರನೆಯ ದಿನ ಮಾತಾಡಿದರೆ ಉಳಿದವರೂ ಎಚ್ಚರವಾಗಿರುತ್ತಾರೆ.

ನಕಲು ತಡೆಯುವುದಕ್ಕೆ ಆ ಆಲೆಮನೆಯ ಲೆಕ್ಕದಲ್ಲೇ ತಾರೀಕು ಬದಲಿಸಿದರೆ ಸಾಕು. ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಸಮವಾದರೆ ಯಂತ್ರ ಕೊಂಡದ್ದು ಜುಲೈ 1, ಬೆಸವಾದರೆ ಜನವರಿ 1. ಮೊದಲಿನವರಿಗೆ ಒಂದನೆಯ ವರ್ಷ 15,000, ಎರಡನೆಯ ವರ್ಷ 17,000; ಎರಡನೆಯವರಿಗೆ 5,000 ಮತ್ತು 19,000. ಸಮ ಸಂಖ್ಯೆಯವನ ಹಾಳೆಯಲ್ಲಿ 19,000 ಕಂಡರೆ ಇನ್ಯಾರದೋ ಫೋಟೊ ಅವನ ವಾಟ್ಸಾಪ್‌ಗೆ ಬಂದಿದೆ ಅಂತಲೇ ತಿಳಿಯಿರಿ.